ಮಗಳ ಅಳತೆ

“ಅಂದಾಜಲ್ಲಿ ಕೊಡೋಕೆ ಇದೇನು ಚೆಂಡಾ ಸಾರ್? ಮಗೂನ ಕರ್ಕೊಂಡು ಬನ್ನಿ. ಹಾಕಿ ಸ್ಟಿಕ್ ನಿಲ್ಲಿಸಿದ್ರೆ ಸರಿಯಾಗಿ ಸೊಂಟಕ್ಕೆ ಬರಬೇಕು,” ಅಂದ ಅಂಗಡಿಯವನು.

“ಕರ್ಕೊಂಡು ಬರೋ ಹಾಗಿದ್ದಿದ್ರೆ ನಿಮ್ಮನ್ಯಾಕೆ ಕಾಡ್ತಿದ್ದೆ? ಅವಳಮ್ಮನ ಹತ್ರ ಇದಾಳೆ. ನಾಲ್ಕು ವರ್ಷ ಆದ್ಮೇಲೆ ನಾಳೆ ಕೋರ್ಟಲ್ಲಿ ತೋರಿಸ್ತಾರೆ. ಅಳತೆ ತಪ್ಪಿದ್ರೆ, ಅಪ್ಪನಿಗೆ ನಾನು ಗೊತ್ತೇ ಇಲ್ಲ ಅಂದ್ಕೋತಾಳೆ.”

“ಎಷ್ಟೆತ್ತರ ಇದಾಳೆ, ಅದಾದ್ರೂ ತೋರಿಸಿ.”

ಅವನು ತೊಡೆಯ ಹತ್ತಿರ ಅಂಗೈ ಹಿಡಿದ. ಸ್ವಲ್ಪ ಮೇಲಕ್ಕೆತ್ತಿದ. ಇನ್ನೂ ಸ್ವಲ್ಪ ಎತ್ತಿದ.

ಮರುದಿನ ನೋಡಿದರೆ ಮಗಳು ಅವನ ಭುಜಕ್ಕೆ ಬರುವಷ್ಟು ಬೆಳೆದಿದ್ದಳು. ಸ್ಟಿಕ್ಕು ಅವಳ ತೊಡೆಗೇ ನಿಂತುಬಿಟ್ಟಿತು.

“ಚಿಕ್ಕದಾಯ್ತಾ ಪುಟ್ಟಿ?”

“ಇಲ್ಲಪ್ಪಾ, ಸರಿಯಾಗಿದೆ.”

ಸ್ಟಿಕ್ಕಿನ ತುದಿ ಸೊಂಟಕ್ಕೆ ಬರುವವರೆಗೂ ಅವಳು ಮೆಲ್ಲಗೆ ಮೊಣಕಾಲು ಬಗ್ಗಿಸಿದಳು.