ಮೂರನೇ ಪೆಡಲು

ಅಕ್ಕಿ ತೊಳೆಯುವ ಬೋಗುಣಿಯಲ್ಲಿ ರಕ್ತದಂಥ ಕೆಂಪು ಎಣ್ಣೆ ನಿಂತಿತ್ತು. ತಳದಲ್ಲಿ ಹತ್ತಾರು ಬೋಲ್ಟುಗಳು.

ಕಿನುಯೊ ಅದನ್ನು ಮೈಗೆ ತಾಗದಂತೆ ಹಿಡಿದುಕೊಂಡು ಗ್ಯಾರೇಜಿಗೆ ನಡೆದಳು. ಗಂಡ ತಮೋತ್ಸು ಕಾರಿನಡಿ ಅಂಗಾತ ಮಲಗಿದ್ದ. ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ಎತ್ತಿ ನಿಲ್ಲಿಸಿದ ಬಿಳಿ ಕಾರು. ಅದರ ಹೊಟ್ಟೆಯಿಂದ ಅದೇ ಕೆಂಪೆಣ್ಣೆ ತಟ್ಟೆಯೊಂದಕ್ಕೆ ತೊಟ್ಟಿಕ್ಕುತ್ತಿತ್ತು.

“ಇದೇನ್ರೀ ಇದು, ನನ್ನ ಬೋಗುಣೀಲಿ?”

“ಗೇರ್‌ಬಾಕ್ಸಿನ ಎಣ್ಣೆ. ಆಟೋಮ್ಯಾಟಿಕ್ ಬಿಚ್ಚಿ ಮ್ಯಾನುಯಲ್ ಕೂರಿಸ್ತಿದೀನಿ.”

“ಚೆನ್ನಾಗಿ ಓಡೋ ಕಾರು. ಯಾಕೆ ಬಿಚ್ಚಬೇಕು?”

“ಕೈಗೊಂದು ಕೆಲಸ ಬೇಕಲ್ಲ” ಎಂದ ತಮೋತ್ಸು. ಹತ್ತನೇ ಸಲ ಹೇಳುತ್ತಿರುವವನ ತಾಳ್ಮೆ ಆ ದನಿಯಲ್ಲಿತ್ತು. ಕಿನುಯೊಗೆ ಎಣ್ಣೆಗಿಂತ ಆ ತಾಳ್ಮೆಯೇ ಹೆಚ್ಚು ಹೇಸಿಗೆ ಹುಟ್ಟಿಸಿತು.

ಕಾನುಮಾ ಊರಿನ ಬಸ್ ಡಿಪೋದಲ್ಲಿ ಮೂವತ್ತೆಂಟು ವರ್ಷ ಮೆಕ್ಯಾನಿಕ್ ಆಗಿದ್ದವನು. ಆಗೆಲ್ಲ ಉಗುರು ಸ್ವಚ್ಛವಾಗುವ ತನಕ ಮನೆಯೊಳಗೆ ಕಾಲಿಡುತ್ತಿರಲಿಲ್ಲ. ಎಪ್ಪತ್ತೆರಡಕ್ಕೆ ಈ ಹುಚ್ಚು ಹಿಡಿದಿದೆ. ಸ್ನಾನದ ತೊಟ್ಟಿಯ ನೀರಿನ ಮೇಲೆ ಜಿಡ್ಡು. ತೋಫುವಿನ ಮೇಲೆ ಕಪ್ಪು ಹೆಬ್ಬೆಟ್ಟಿನ ಗುರುತು. ಗುಜರಿಯಿಂದ ತಂದ ಹಳೇ ಗೇರ್‌ಬಾಕ್ಸು ಜಗಲಿಯ ಮೇಲೆ ಸತ್ತ ಹಂದಿಯ ಹಾಗೆ ಬಿದ್ದುಕೊಂಡಿದೆ. ಕಿನುಯೊ ಕಸವನ್ನು ಏಳು ಬಗೆಯಾಗಿ ಬೇರೆ ಮಾಡುವವಳು. ರಸ್ತೆ ಖಾಲಿಯಿದ್ದರೂ ಹಸಿರು ದೀಪಕ್ಕೆ ಕಾಯುವವಳು. ಅವಳಿಗೆ ಊಟ ಸೇರುತ್ತಿರಲಿಲ್ಲ.

ಸಾಲದ್ದಕ್ಕೆ ಕಾರಿನ ಕೀಲಿಯನ್ನು ಕೊಕ್ಕೆಗೆ ಹಾಕುವುದನ್ನೇ ಬಿಟ್ಟಿದ್ದ. ಒಮ್ಮೆ ಅದು ಅವಳಿಗೆ ಅಡುಗೆಮನೆಯ ಮಿಸೊ ಡಬ್ಬಿಯ ಹಿಂದೆ ಸಿಕ್ಕಿತು, ಒಮ್ಮೆ ಅವನ ಚಳಿಗಾಲದ ಬೂಟಿನೊಳಗೆ. ಯಾಕೆಂದು ಕೇಳಿದರೆ ನಕ್ಕುಬಿಟ್ಟ.

ಬೋಗುಣಿ ಕೆಳಗಿಟ್ಟು ತಿರುಗಿದಾಗ ಅವಳ ಕಣ್ಣಿಗೆ ಕಾರಿನ ಮೂತಿ ಬಿತ್ತು. ಬಂಪರ್ ಹೊಸದು, ಇನ್ನೂ ಬಣ್ಣ ಕಂಡಿಲ್ಲ. ಅದರ ನೇರಕ್ಕೆ, ಅಂಗಳದಾಚೆ, ಪಕ್ಕದ ಮನೆಯ ಕಾಂಪೌಂಡು. ಪಾಚಿಗಟ್ಟಿದ ಗಿಡ್ಡ ಹಳೇ ಗೋಡೆಯ ನಡುವೆ ಎರಡು ಮಾರಿನಷ್ಟು ಹೊಸ ಇಟ್ಟಿಗೆ.

ಅಷ್ಟರಲ್ಲಿ ಪಕ್ಕದ ಮನೆಯ ಅಕುತ್ಸು ಊರುಗೋಲು ಊರುತ್ತ ಗೋಡೆಯಾಚೆ ತಮ್ಮ ಅಂಗಳಕ್ಕೆ ಬಂದರು. ಅವರ ಎಡಗಾಲು ನೆಲಕ್ಕೆ ಸರಿಯಾಗಿ ಊರುತ್ತಿರಲಿಲ್ಲ. ಅವರನ್ನು ಕಂಡದ್ದೇ ತಮೋತ್ಸು ಕಾರಿನಡಿಯಿಂದ ಹೊರಳಿ ಎದ್ದು ಸೊಂಟದ ತನಕ ಬಾಗಿದ. ನೆರೆಯವರಿಗೆ ಯಾರೂ ಅಷ್ಟು ಬಾಗುವುದಿಲ್ಲ.

“ಅವರ ಕಾಲಿಗೇನಾಯ್ತು?” ಕಿನುಯೊ ಪಿಸುಗುಟ್ಟಿದಳು.

“ಬಿದ್ದರು.”

“ಎಲ್ಲಿ?”

ತಮೋತ್ಸು ಮಾಸಲು ಬಟ್ಟೆಯಲ್ಲಿ ಒಂದೊಂದೇ ಬೆರಳು ಒರೆಸಿಕೊಳ್ಳತೊಡಗಿದ. ಅವಳು ಬಂಪರ್ ನೋಡಿದಳು, ಗೋಡೆ ನೋಡಿದಳು, ಆ ಕಾಲು ನೋಡಿದಳು.

“ನೀವೇ ಅಲ್ವಾ ಗುದ್ದಿದ್ದು?”

“ಹೌದು” ಎಂದ ಅವನು. “ಬ್ರೇಕು ಅಂದ್ಕೊಂಡು ಆಕ್ಸಿಲರೇಟರ್ ತುಳಿದಿದ್ದು.”

“ಅದಕ್ಕೆ ಕಾರಿನ ಹೊಟ್ಟೆ ಬಗೀತಿದೀರಾ? ತಪ್ಪು ಕಾರಿಂದು ಅಂತಾನಾ?”

“ಹೀಗೆ ಮಾಡಿದ್ರೆ ಇನ್ನೊಂದ್ಸಲ ಆಗಲ್ಲ, ಕಿನುಯೊ.”

“ಛೀ. ನಿಮ್ಮ ಮುಖ ನೋಡೋಕೂ ಅಸಹ್ಯ ಆಗುತ್ತೆ.”

ಅವನು ತಲೆಯಾಡಿಸಿದ, ಹವಾಮಾನದ ವರದಿ ಕೇಳಿಸಿಕೊಂಡವನಂತೆ.

ಕಿನುಯೊ ಒಳಗೆ ಹೋಗಿ ಒಪ್ಪವಾಗಿ ತಲೆ ಬಾಚಿಕೊಂಡಳು. ಅತಿಥಿಗಳಿಗೆಂದು ಇಟ್ಟಿದ್ದ ಕೆಂಪು ಕಾಳಿನ ಸಿಹಿತಿಂಡಿಯ ಡಬ್ಬಿಯನ್ನು ಬಟ್ಟೆಯಲ್ಲಿ ಸುತ್ತಿ, ಅಕುತ್ಸು ಅವರ ಬಾಗಿಲಲ್ಲಿ ಮಂಡಿಯೂರಿ, ಹಣೆ ನೆಲಕ್ಕೆ ಮುಟ್ಟಿಸಿದಳು.

“ನನಗೆ ಇವತ್ತು ಗೊತ್ತಾಯ್ತು. ಆ ಮನುಷ್ಯನ ಪರವಾಗಿ ನಾನು ಕ್ಷಮೆ ಕೇಳ್ತೀನಿ. ನಾಚಿಕೆ ಆಗುತ್ತೆ ಅಕುತ್ಸು ಅವರೇ, ನಿಮಗೆ ಹೀಗೆ ಮಾಡಿ, ನನ್ನ ಹತ್ರ ಮುಚ್ಚಿಟ್ಟಿದಾರೆ.”

ಅಕುತ್ಸು ಅವರಿಗೆ ಅಚ್ಚರಿಯೇನೂ ಆದಂತಿರಲಿಲ್ಲ. ಡಬ್ಬಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. “ಏಳಿ ಕಿನುಯೊ ಅವರೇ. ನಿಮ್ಮ ಯಜಮಾನರು ಆಗಲೇ ಕೇಳಿಯಾಯ್ತು. ನನಗೆ ಯಾರ ಮೇಲೂ ಸಿಟ್ಟಿಲ್ಲ.”

“ನಿಮಗಿಲ್ಲದಿರಬಹುದು. ನನಗೆ ಅವರ ಜೊತೆ ಒಂದೇ ಸೂರಿನಡಿ ಇರೋಕೆ ಮೈ ಉರಿಯುತ್ತೆ.”

ಮನೆಗೆ ಮರಳಿದವಳು ಗ್ಯಾರೇಜಿನ ಕಡೆ ತಿರುಗಿಯೂ ನೋಡಲಿಲ್ಲ. ಅಡುಗೆಮನೆಯಲ್ಲಿ ಬೋಗುಣಿಯನ್ನು ಉಜ್ಜುವ ಸದ್ದು ಶುರುವಾಯಿತು.

ಅಕುತ್ಸು ಊರುಗೋಲು ಹಿಡಿದು ಗೋಡೆಯ ತನಕ ಬಂದರು. ತಮೋತ್ಸು ಮತ್ತೆ ಬಾಗಲು ಹೋದ. ಅವರು ಕೈಯೆತ್ತಿ ತಡೆದರು.

“ನಾಲ್ಕನೇ ಡಬ್ಬಿ, ತಮೋತ್ಸು ಅವರೇ. ಆವತ್ತು ಸ್ಟಿಯರಿಂಗ್ ಹಿಡಿದಿದ್ದು ಅವರು. ಬೈಸಿಕೊಳ್ಳೋದು ನೀವು. ಡಾಕ್ಟರು ಹೇಳಿದ್ದನ್ನ ಅವರಿಗೆ ಹೇಳಿಬಿಡಬಾರದಾ?”

“ಹೇಳಿದ್ದೆ, ಎರಡು ಸಲ. ಎರಡು ಸಲವೂ ಹೊಸದಾಗಿ ಕೇಳಿದ ಹಾಗೆ ಅತ್ತಳು. ಸಂಜೆಗೆ ಮರೆತಳು. ಅದಕ್ಕಿಂತ ನನ್ನ ಮೇಲೆ ಹೇಸಿಗೆ ಪಟ್ಟುಕೊಂಡಿರೋದೇ ವಾಸಿ.”

“ಹಾಗಾದ್ರೆ ಕಾರನ್ನಾದರೂ ಮಾರಿ.”

“ವಾರಕ್ಕೆರಡು ಸಲ ಆಸ್ಪತ್ರೆಗೆ ಅವಳನ್ನ ಯಾವುದರಲ್ಲಿ ಕರ್ಕೊಂಡು ಹೋಗಲಿ? ಕೀಲಿ ಎಲ್ಲಿ ಬಚ್ಚಿಟ್ಟರೂ ಹುಡುಕಿ ತೆಗೀತಾಳೆ. ಲೈಸೆನ್ಸು ವಾಪಸ್ ಕೊಟ್ಟಿದ್ದು ಅವಳಿಗೆ ನೆನಪಿಲ್ಲ.” ತಮೋತ್ಸು ಕೆಲಸದ ಬೆಂಚಿನಿಂದ ಕ್ಲಚ್ ಪೆಡಲನ್ನು ಎತ್ತಿಕೊಂಡು ಬಟ್ಟೆಯಲ್ಲಿ ಒರೆಸಿದ. “ಆದರೆ ಮೂವತ್ತು ವರ್ಷದ ಹಿಂದೆ ಅದನ್ನ ತಗೊಂಡಿದ್ದು ಚೆನ್ನಾಗಿ ನೆನಪಿದೆ. ಆಟೋಮ್ಯಾಟಿಕ್ ಕಾರಿಗೆ ಮಾತ್ರ ಅಂತ ಅದರ ಮೇಲೆ ಬರೆದಿತ್ತು. ಎರಡೇ ಪೆಡಲು ತುಳಿದವಳು, ಈ ಮೂರನೇದು ಕಾಲಿಗೆ ತಾಗಿದ್ರೆ ಸಾಕು. ‘ಇದನ್ನ ನಾನು ಓಡಿಸೋ ಹಾಗಿಲ್ಲ’ ಅಂತ ತಾನಾಗೇ ಇಳಿದು ಬರ್ತಾಳೆ. ಅವಳ ಕೈಯಿಂದ ಯಾರೂ ಏನನ್ನೂ ಕಿತ್ತುಕೊಂಡ ಹಾಗಾಗಲ್ಲ.”