ವಿದಾದಳ ಹೆಸರು

ಪುಸ್ತಕ ಮೇಳದಲ್ಲಿ ತಾನು ಬರೆದ ಚಿತ್ರಕಥೆಯ ಪ್ರತಿಗೆ ಸಹಿ ಹಾಕಲು ಶಾಮಾ ಪೆನ್ನು ಎತ್ತಿದ್ದಳು. ಅಷ್ಟರಲ್ಲಿ ಎದುರಿಗೆ ನಿಂತಿದ್ದ ಹುಡುಗಿ ಮುಖಪುಟದ ಮೇಲೆ ಅಂಗೈ ಊರಿ, ಅಲ್ಲಿ ದಪ್ಪಕ್ಷರದಲ್ಲಿದ್ದ ಕಥಾನಾಯಕಿಯ ಹೆಸರನ್ನು ಮುಚ್ಚಿಬಿಟ್ಟಳು. ಅವಳ ಬೆರಳ ತುದಿಗಳು ನೀರಿನಲ್ಲಿ ನೆನೆದು ಬೆಳ್ಳಗೆ ಬಿರಿದಿದ್ದವು. "ಸಹಿ ಬೇಡ ಅಕ್ಕಾ. ಈ ಹೆಸರು ತೆಗೆದುಬಿಡಿ."

ಶಾಮಾಗೆ ಗುರುತು ಸಿಕ್ಕಿದ್ದು ಆಗಲೇ. ವಿದಾದ್! ಹದಿನೈದರ ವಯಸ್ಸಿಗೇ ಆಲಿವ್ ಬೀಜದ ಇದ್ದಿಲಿನಿಂದ ಬಾವಿ ನೀರು ಶುದ್ಧ ಮಾಡಿ ಬಹುಮಾನ ಗೆದ್ದವಳು. ತೆತುವಾನ್ ಊರಿನ ಕಲಾಶಾಲೆಯಲ್ಲಿ ಕಾಮಿಕ್ಸ್ ಕಲಿತು ಆಗಷ್ಟೇ ಹೊರಬಂದಿದ್ದ ಶಾಮಾ, ಇವಳ ಮನೆಯಲ್ಲಿ ಎರಡು ದಿನ ಕೂತು, ಇವಳ ತಾಯಿ ಕೊಟ್ಟ ಪುದೀನ ಚಹಾ ಕುಡಿಯುತ್ತಾ ಕಥೆ ಕೇಳಿ ಮೊದಲ ಪುಸ್ತಕ ಮಾಡಿದ್ದಳು. ಆಮೇಲೆ ಇಂಥ ಇನ್ನೂ ಐವರು ಹುಡುಗಿಯರ ಮೇಲೆ ಒಂದೊಂದರಂತೆ ಐದು ಪುಸ್ತಕ ಬಂದವು, ಪ್ರಶಸ್ತಿಗಳೂ ಬಂದವು.

"ಇದು ನಿನ್ನದೇ ಕಥೆ ಕಣೇ. ಕೊನೇ ಪುಟದಲ್ಲಿ ನೀನು ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತುತ್ತೀಯಲ್ಲ" ಎಂದಳು ಶಾಮಾ.

"ಅಪ್ಪ ತೀರಿಕೊಂಡ್ರು. ನಾನು ಸಿಗಡಿ ಸುಲಿಯೋ ಫ್ಯಾಕ್ಟರಿ ಸೇರಿದೆ. ಅಲ್ಲಿಗೂ ಈ ಪುಸ್ತಕ ಬಂತು. 'ವಿಜ್ಞಾನಿಗಳೇ, ಬುಟ್ಟಿ ತುಂಬಿತೇನು' ಅಂತಾನೆ ಮೇಸ್ತ್ರಿ. ಎಲ್ಲರೂ ನಗ್ತಾರೆ. ಮುಂದಿನ ಸಲ ಅಚ್ಚು ಹಾಕಿಸುವಾಗ ಬೇರೆಯವರ ಹೆಸರು ಹಾಕಿ."

"ಯಾರದು ಹಾಕಲಿ?"

"ನಿಜವಾಗಿ ಮೆಟ್ಟಿಲು ಹತ್ತಿದವಳದು. ಉಳಿದ ಐದು ಜನರಲ್ಲಿ ಒಬ್ಬಳಾದರೂ ಹತ್ತಿರಬೇಕಲ್ಲ?"

ಐವರ ಹೆಸರೂ ಶಾಮಾಗೆ ಬಾಯಿಪಾಠವಾಗಿತ್ತು. ಪುಸ್ತಕ ಮುಗಿದ ಮೇಲೆ ಒಬ್ಬಳನ್ನೂ ಅವಳು ವಿಚಾರಿಸಿರಲಿಲ್ಲ.