ಠಾಣೆಯಲ್ಲಿ ಅನಾನಸು

ಹಣ್ಣಿನಂಗಡಿಯ ಚಿನ್‌ಯೆ ಒಂದೇ ಕೈಯಲ್ಲಿ ಅನಾನಸು ಎತ್ತಿ ಪೊಲೀಸ್ ಠಾಣೆಯ ಉದ್ದ ಮೇಜಿನ ಮೇಲೆ ಕುಕ್ಕಿದಳು. ಇನ್ನೊಂದು ಕೈ ಪ್ಲಾಸ್ಟರಿನಲ್ಲಿತ್ತು. ಎದುರಿಗಿದ್ದ ಪೇದೆ, ಹಾವು ಕಂಡವನ ಹಾಗೆ, ಕುರ್ಚಿಸಮೇತ ಹಿಂದಕ್ಕೆ ಸರಿದ.

“ಚಿಕ್ಕಮ್ಮಾ, ನಿಮ್ ದಮ್ಮಯ್ಯ! ಮೊದ್ಲು ಅದನ್ನ ಆಚೆ ತಗೊಂಡ್ಹೋಗಿ!”

ನಮ್ಮ ತೈವಾನಿನಲ್ಲಿ ಅನಾನಸಿಗೆ ‘ಓಂಗ್‌ಲಾಯ್’ ಎನ್ನುತ್ತೇವೆ. ಕಿವಿಗೆ ಅದು ‘ಹರಿದು ಬರಲಿ’ ಎಂದೇ ಕೇಳುತ್ತದೆ. ಅಂಗಡಿಯಲ್ಲಿ ಒಂದಿಟ್ಟರೆ ಗಿರಾಕಿಗಳು ಹರಿದು ಬರುತ್ತಾರೆ. ಠಾಣೆಯಲ್ಲಿಟ್ಟರೆ ಏನು ಹರಿದು ಬಂದೀತು? ಅದಕ್ಕೇ ಡ್ಯೂಟಿಯ ಮೇಲಿರುವ ಪೊಲೀಸರು ಅನಾನಸು ತಿನ್ನುವುದಿರಲಿ, ಅದರ ಹೆಸರನ್ನೂ ಎತ್ತುವುದಿಲ್ಲ. ಅದರಲ್ಲೂ ಇವತ್ತು ಇನ್ನರ್ಧ ಗಂಟೆಗೆ ಮೇಯರ್ ಬರುವವರಿದ್ದರು. ಗೋಡೆಗೆ ಹೊಸ ಬೋರ್ಡು ಬಂದಿತ್ತು: ಊರಿನ ಹಲ್ಲೆ, ಸುಲಿಗೆ, ಕೊಲೆಗಳ ಹನ್ನೆರಡು ವರ್ಷದ ಲೆಕ್ಕ, ಇಳಿಯುವ ಮೆಟ್ಟಿಲಿನ ಹಾಗೆ.

ಗದ್ದಲ ಕೇಳಿ ಠಾಣೆಯ ಸಾಹೇಬ ಫಾನ್ ಹೊರಗೆ ಬಂದ. “ಮತ್ತೆ ಬಂದ್ರಾ? ಮೊನ್ನೇನೇ ಹೇಳಿದ್ನಲ್ಲ...”

“ಹೇಳಿದ್ರಿ, ಹೇಳಿದ್ರಿ.” ಚಿನ್‌ಯೆ ಮೂಗು ಹಿಂಡಿಕೊಂಡು ಫಾನನ ದನಿಯನ್ನೇ ತೆಗೆದಳು: “‘ಹಲ್ಲೆ ಗಿಲ್ಲೆ ಅಂತ ಯಾಕಮ್ಮಾ ದೊಡ್ಡದು ಮಾಡ್ತೀರಿ? ಮಾರ್ಕೆಟ್ ಅಂದ್ಮೇಲೆ ನೀರು ಚೆಲ್ಲಿರತ್ತೆ. ಜಾರಿ ಬಿದ್ದೆ ಅಂತ ಇಟ್ಕೊಳ್ಳೋಣ.’” ಅಭ್ಯಾಸಬಲ, ಪೇದೆ ಎದ್ದು ನಿಂತು ಸೆಲ್ಯೂಟಿಗೆ ಕೈ ಎತ್ತಿಯೇಬಿಟ್ಟಿದ್ದ. ಚಿನ್‌ಯೆ ಮೂಗು ಬಿಟ್ಟಳು. “ಜಾಗ ಖಾಲಿ ಮಾಡು ಅಂತ ಇಬ್ರು ಬೇಸ್‌ಬಾಲ್ ಬ್ಯಾಟಲ್ಲಿ ಹೊಡೆದಿದ್ದು ಸ್ವಾಮಿ. ಜಾರಿದ್ದು ನಾನಲ್ಲ. ಕಾನೂನು ಜಾರಿ ಮಾಡೋರು ಜಾರ್ಕೊಂಡಿದ್ದು!”

ದೂರು ಬರೆದುಕೊಳ್ಳದೆ ಸಾಗಹಾಕುವುದಕ್ಕೆ ಊರವರು ಇಟ್ಟ ಹೆಸರು ‘ಕೇಸು ತಿನ್ನೋದು’. ಚಿನ್‌ಯೆಯ ಕೇಸನ್ನು ಈ ಠಾಣೆ ಮೂರು ಸಲ ತಿಂದು ತೇಗಿತ್ತು. ದೂರು ಕೊಟ್ಟದ್ದಕ್ಕೆ ಸಾಕ್ಷಿಯೆಂದರೆ ಠಾಣೆಯ ಮೊಹರು ಬಿದ್ದ ಚೀಟಿ. ಅದಿಲ್ಲದವಳೆಂದು ಗೊತ್ತಾಗಿಯೇ ಬ್ಯಾಟಿನವರು ನಿನ್ನೆ ಮತ್ತೆ ಬಂದು, ‘ಇನ್ನೊಂದು ಕೈ ಚೆನ್ನಾಗಿದೆಯಲ್ಲಾ’ ಎಂದು ನಕ್ಕು ಹೋಗಿದ್ದರು. ಇವತ್ತು ಚೀಟಿ ಇಲ್ಲದೆ ಅವಳು ಹೊಸಿಲು ದಾಟುವವಳಲ್ಲ.

“ಚೀಟಿ ಕೊಡಿ, ಹೋಗ್ತೀನಿ.”

“ಇವತ್ತೊಂದಿನ ಬಿಡಿ ಚಿಕ್ಕಮ್ಮ. ಸೋಮವಾರ ಬನ್ನಿ. ನೋಡಿ, ಹನ್ನೆರಡು ವರ್ಷದಿಂದ ಒಂದೇ ಸಮ ಇಳೀತಾ ಬಂದಿದೆ, ನಿಮ್ಮಿಂದ...”

“ನಿಮ್ ಹೊಟ್ಟೆಗೆ ಇಳಿದಿದ್ದು ಬೋರ್ಡಲ್ಲಿ ಎಲ್ಲಿಂದ ಕಾಣ್ಬೇಕು? ಕೇಸು ತಿನ್ನಿ, ಬೇಡ ಅನ್ನಲ್ಲ. ಆದ್ರೆ ಕೆಸು ತಿಂದೋರ ಗಂಟ್ಲು ಕೆರೀದೆ ಬಿಡಲ್ಲ!” ಎಂದವಳೇ ಬಾಗಿಲಾಚೆ ನಿಲ್ಲಿಸಿದ್ದ ಕೈಗಾಡಿಯನ್ನು ಒಳಕ್ಕೆ ಎಳೆದಳು.

ಗಾಡಿಯ ತುಂಬ ಅನಾನಸು. ಒಂದೊಂದರ ಜುಟ್ಟಿಗೂ ಒಂದೊಂದು ಚೂರು ಕಾಗದ ಕಟ್ಟಿತ್ತು. ಅವಳು ಜುಟ್ಟು ಹಿಡಿದು ಮೊದಲನೆಯದನ್ನು ಎತ್ತಿದಳು. “ಇದು ನೂಡಲ್ಸ್ ಅಂಗಡಿ ಆ-ಹೊಂಗ್. ಮೂರು ವರ್ಷದ ಹಿಂದೆ ತಲೆ ಒಡೆದ್ರು. ನೀವು ಗಂಡ ಹೆಂಡ್ತಿ ಜಗಳ ಅಂತ ಕಳಿಸಿದ್ರಿ. ಗಂಡ ಸತ್ತು ಆಗ್ಲೇ ಏಳು ವರ್ಷ. ಜಗಳ ಯಾರ್ ಜೊತೆ, ಗೋಡೆ ಮೇಲಿನ ಫೋಟೋ ಜೊತೇನಾ?” ಅದೊಂದೇ ಮೊದಲ ಸಾಲು. ಮರುವರ್ಷದವು ಎರಡು, ಎರಡನೇ ಸಾಲು. ಹೋದ ವರ್ಷದವು ಮೂರು. ಈ ವರ್ಷದ್ದಕ್ಕೆ ನಾಲ್ಕು ಇಟ್ಟು, ಮೊದಲೇ ಕುಕ್ಕಿದ್ದ ತನ್ನದನ್ನು ಅವುಗಳ ಪಕ್ಕಕ್ಕೆ ತಳ್ಳಿದಳು. ಗೋಡೆಯ ಮೇಲೆ ಇಳಿಯುತ್ತ ಬಂದದ್ದು ಮೇಜಿನ ಮೇಲೆ ಏರುತ್ತ ಬಂದಿತ್ತು.

“ಏಯ್, ಎತ್ತೋ ಅವನ್ನ!” ಫಾನ್ ಪೇದೆಯ ಮೇಲೆ ಹರಿಹಾಯ್ದ.

“ಸಾರ್, ಇವತ್ತು ಸಂಜೆ ಪಾಳೀನೂ ನಂದೇ. ನೀವೇ ಎತ್ಬಿಡಿ ಸಾರ್.”

ಫಾನ್ ಕೈ ಚಾಚಿದ. ಜುಟ್ಟಿಗೆ ಇನ್ನೊಂದು ಗೇಣು ಇರುವಾಗ ಬೆರಳುಗಳು ತಾವಾಗಿಯೇ ಮಡಚಿಕೊಂಡವು. ಕಿಟಕಿಯತ್ತ ಬಗ್ಗಿದ ಪೇದೆ, “ಸಾರ್, ಮೇಯರ್ ಕಾರು ಸಿಗ್ನಲ್ ಹತ್ರ ಇದೆ” ಎಂದ. ಫಾನ್ ಧೊಪ್ಪನೆ ಕೂತು ಫಾರಂ ಎಳೆದುಕೊಂಡ. ಅವನು ಬರೆಯುವಷ್ಟು ಹೊತ್ತೂ ಚಿನ್‌ಯೆ ಬಗ್ಗಿ ಒಂದೊಂದೇ ಅಕ್ಷರ ಓದಿದಳು.

“‘ಹಲ್ಲೆ’ ಅಂತ ತಾನೇ?”

“ಹಲ್ಲೆ!”

“ಬ್ಯಾಟು?”

“ಬರ್ದಿದೀನಮ್ಮಾ, ಬ್ಯಾಟೂ ಬರ್ದಿದೀನಿ!” ಮೊಹರು ಬಿತ್ತು. ಅವಳು ತನ್ನ ಪ್ರತಿಯನ್ನು ಮಡಚಿ ಪ್ಲಾಸ್ಟರಿನ ಸಂದಿಗೆ ತುರುಕಿಕೊಂಡು, ತನ್ನ ಅನಾನಸನ್ನು ಕಂಕುಳಿಗೆ ಸೇರಿಸಿ ಬಾಗಿಲ ಕಡೆ ನಡೆದಳು.

“ಎಲ್ಲಿಗೆ? ಉಳಿದಿದ್ದು?”

“ನಂದು ಒಂದೇ ಸಾಹೇಬ್ರೆ. ಉಳಿದಿದ್ದು ಯಾರ್‍ಯಾರದೋ ಅವರವರೇ ಬಂದು, ಚೀಟಿ ತಗೊಂಡು, ಎತ್ಕೊಂಡು ಹೋಗ್ತಾರೆ.”

“ಯಾವಾಗ ಬರೋದು ಅವರೆಲ್ಲ?”

ಚಿನ್‌ಯೆ ಗಲ್ಲದಿಂದಲೇ ಹೊರಗೆ ತೋರಿಸಿದಳು. ಗಾಜಿನ ಬಾಗಿಲಾಚೆ, ಹಾರನ್ ಹೊಡೆಯುತ್ತಿದ್ದ ಮೇಯರ್ ಕಾರಿಗೆ ದಾರಿ ಬಿಡದೆ, ಮಾರ್ಕೆಟ್ಟಿನ ಹತ್ತು ಹೆಂಗಸರು ಏಪ್ರನ್ನಿಗೆ ಒದ್ದೆ ಕೈ ಒರೆಸಿಕೊಳ್ಳುತ್ತ ಹರಿದು ಬರುತ್ತಿದ್ದರು.